ಊರಿಂದ ಬಂದ ಅಪ್ಪ-ಅಮ್ಮ, ಜೊತೆಗೆ ಮಕ್ಕಳು: ಅಮೆರಿಕದ ಕೆಂಪು ಕಲ್ಲಿನ ಮರುಭೂಮಿಗೆ ಏಳು ದಿನದ ಕಾರ್ ಪ್ರವಾಸ

ಊರಿಂದ ಅಪ್ಪ-ಅಮ್ಮ ಅಮೆರಿಕಕ್ಕೆ ಬಂದರೆ ನ್ಯೂಯಾರ್ಕ್, ನಯಾಗರಾ, ಡಿಸ್ನಿ ಅಂತ ಸುತ್ತಿಸುವುದು ರೂಢಿ. ಅದರ ಜೊತೆಗೆ, ಸಾಧ್ಯವಾದರೆ ಅದರ ಬದಲಿಗೇ, ನೆವಾಡಾ, ಯೂಟಾ, ಅರಿಝೋನಾ ರಾಜ್ಯಗಳ ಕೆಂಪು ಕಲ್ಲಿನ ಮರುಭೂಮಿಗೆ ಕರೆದುಕೊಂಡು ಹೋಗಿ. ಆರು ವರ್ಷದ ಮೊಮ್ಮಗಳೂ ಎಪ್ಪತ್ತು ದಾಟಿದ ಅಜ್ಜನೂ ಒಂದೇ ಕಡೆ ಕಣ್ಣರಳಿಸಿ ನಿಲ್ಲುವ ಜಾಗಗಳು ಜಾಸ್ತಿ ಸಿಗುವುದಿಲ್ಲ. ಇಲ್ಲಿ ಸಿಗುತ್ತವೆ.

ಆದರೆ ಈ ಪ್ರವಾಸ ಕೆಡುವುದೂ ಸುಲಭ. ಒಂದು ವಾರಕ್ಕೆ ಹತ್ತು ಜಾಗ ತುರುಕಿ, ಮಧ್ಯಾಹ್ನ ಒಂದು ಗಂಟೆಗೆ ವಯಸ್ಸಾದವರನ್ನು ಮರಳಿನಲ್ಲಿ ನಡೆಸಿದರೆ ಎರಡನೇ ದಿನಕ್ಕೇ ಎಲ್ಲರಿಗೂ ಸಾಕಾಗಿರುತ್ತದೆ. ಅದಕ್ಕೇ ಹೇಳುವುದು, ಮರುಭೂಮಿಯಲ್ಲಿ ಪ್ಲಾನ್ ಮಾಡುವಾಗ ಮ್ಯಾಪ್‌ಗಿಂತ ಮೊದಲು ಬಿಸಿಲನ್ನು ನೋಡಿ. ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಕಲ್ಲು ನೋಡಿ. ನಡುವಿನ ಹೊತ್ತು ಕಾರು, ಊಟ, ನಿದ್ದೆ. ಕಲ್ಲಿಗೂ ಇದೇ ಒಳ್ಳೆಯ ಹೊತ್ತು. ಓರೆ ಬಿಸಿಲು ಬಿದ್ದಾಗಲೇ ಕೆಂಪು ಕೆಂಡದ ಹಾಗೆ ಏಳುವುದು, ನಡು ಮಧ್ಯಾಹ್ನ ಎಲ್ಲ ಮಂಕು. ಕೆಳಗಿನ ಇಡೀ ಯೋಜನೆ ನಿಂತಿರುವುದು ಈ ಒಂದು ನಿಯಮದ ಮೇಲೆ.

ಮೊದಲು ತಿಂಗಳು ಗೊತ್ತು ಮಾಡಿ

ಏಪ್ರಿಲ್‌ನಿಂದ ಮೇ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ. ಇವೆರಡೇ ಸರಿಯಾದ ಕಾಲ. ಜೂನ್, ಜುಲೈನಲ್ಲಿ ಲಾಸ್ ವೇಗಸ್ ಸುತ್ತಮುತ್ತ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲೂ ಮಳೆಗಾಲ ಇದೆ. ಅಲ್ಲಿನವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ದಿನಾ ಸುರಿಯುವ ಮಳೆಯಲ್ಲ, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಂದು ಹಳ್ಳಕೊಳ್ಳ ತುಂಬಿಸಿ ಹೋಗುವ ಮಳೆ.

ಶಾಲೆ ರಜೆ ಬೇಸಿಗೆಯಲ್ಲೇ ಇರುವುದರಿಂದ ಬೇರೆ ದಾರಿ ಇಲ್ಲ ಅನ್ನುವವರು ಕೆಳಗೆ ಹೇಳುವ ಜಾಗಗಳಲ್ಲಿ ಬ್ರೈಸ್ ಕ್ಯಾನಿಯನ್‌ಗೆ ಎರಡು ರಾತ್ರಿ ಇಟ್ಟುಕೊಂಡು ವ್ಯಾಲಿ ಆಫ್ ಫೈರ್ ಬಿಟ್ಟುಬಿಡಿ. ಬ್ರೈಸ್ ಎಂಟು ಸಾವಿರ ಅಡಿಗೂ ಮೇಲಿದೆ, ಬೇಸಿಗೆಯಲ್ಲೂ ತಂಪು.

ದಾರಿ ಮತ್ತು ಬುಕಿಂಗ್

ನಾನು ಹೇಳುವ ದಾರಿ ಇದು: ಲಾಸ್ ವೇಗಸ್, ನೆವಾಡಾದ ವ್ಯಾಲಿ ಆಫ್ ಫೈರ್, ಯೂಟಾದ ಝಾಯನ್ ಮತ್ತು ಬ್ರೈಸ್ ರಾಷ್ಟ್ರೀಯ ಉದ್ಯಾನಗಳು, ಅರಿಝೋನಾದ ಪೇಜ್ ಊರು, ಮಾನ್ಯುಮೆಂಟ್ ವ್ಯಾಲಿ. ಅಲ್ಲಿಂದ ಫೀನಿಕ್ಸ್‌ಗೆ ಇಳಿದು ವಿಮಾನ ಹತ್ತುವುದು. ವೇಗಸ್‌ಗೇ ವಾಪಸ್ ಹೋಗಬಹುದು, ಆದರೆ ಕೊನೇ ದಿನ 400 ಮೈಲಿ ಓಡಿಸಬೇಕು. ಕಾರನ್ನು ಬೇರೆ ಊರಲ್ಲಿ ಬಿಡುವುದಕ್ಕೆ ಬಾಡಿಗೆ ಕಂಪನಿ ಸ್ವಲ್ಪ ಜಾಸ್ತಿ ಕೇಳುತ್ತದೆ, ಕೊಟ್ಟುಬಿಡಿ. ಗ್ರ್ಯಾಂಡ್ ಕ್ಯಾನಿಯನ್ ಈ ಪಟ್ಟಿಯಲ್ಲಿ ಬೇಕಂತಲೇ ಇಲ್ಲ. ಅದಕ್ಕೆ ಬೇರೆ ಮೂರು ದಿನ ಕೊಡಿ.

ಎರಡು ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ಆಗಬೇಕು. ಒಂದು, ಬ್ರೈಸ್ ಮತ್ತು ಮಾನ್ಯುಮೆಂಟ್ ವ್ಯಾಲಿಯ ರೂಮು. ಅಲ್ಲಿ ಹೋಟೆಲ್‌ಗಳೇ ಕಡಿಮೆ. ಎರಡು, ಪೇಜ್ ಊರಿನ ಆಂಟಲೋಪ್ ಕ್ಯಾನಿಯನ್ ಅನ್ನುವ ಕಿರಿದಾದ ಕಲ್ಲಿನ ಸಂದಿನ ಟೂರ್. ಅದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ, ಅವರ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅದರಲ್ಲಿ ಎರಡು ಭಾಗ, ಬುಕ್ ಮಾಡುವಾಗ 'ಅಪ್ಪರ್' ತೆಗೆದುಕೊಳ್ಳಿ. ಒಳಗಿನ ನೆಲ ಮಟ್ಟಸವಾದ ಮರಳು. 'ಲೋವರ್' ಕೂಡ ಚೆಂದವೇ, ಆದರೆ ಕಡಿದಾದ ಕಬ್ಬಿಣದ ಏಣಿಗಳನ್ನು ಇಳಿದು ಹತ್ತಬೇಕು. ಮಂಡಿ ನೋವಿನವರಿಗೆ ಅದು ಬೇಡವೇ ಬೇಡ. ಅಪ್ಪರ್‌ನಿಂದ ಹೊರಬರುವ ದಾರಿಯಲ್ಲಿ ಎಷ್ಟು ಮೆಟ್ಟಿಲು ಇದೆ ಅಂತಲೂ ಫೋನ್ ಮಾಡಿ ಕೇಳಿಬಿಡಿ.

ಪಾಸಿನ ವಿಷಯ ಸರಿಯಾಗಿ ಓದಿಕೊಳ್ಳಿ. ರಾಷ್ಟ್ರೀಯ ಉದ್ಯಾನಗಳಿಗೆಲ್ಲ ನಡೆಯುವ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್. 2026ರ ಜನವರಿಯಿಂದ ನಿವಾಸಿಗಳಲ್ಲದವರಿಗೆ ದರ ಬೇರೆ ಆಗಿದೆ. ಅವರ ಪಾಸು 250 ಡಾಲರ್, ಪಾಸಿಲ್ಲದಿದ್ದರೆ ಝಾಯನ್, ಬ್ರೈಸ್‌ನಂಥ ಹೆಸರಾದ ಕಡೆ ತಲೆಗಿಷ್ಟು ಅಂತ ಹೆಚ್ಚುವರಿ ಶುಲ್ಕ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಕಾರಲ್ಲಿದ್ದರೆ ಲೆಕ್ಕ ಹೇಗೆ ಅನ್ನುವುದನ್ನು ನ್ಯಾಷನಲ್ ಪಾರ್ಕ್ ಸರ್ವೀಸ್ ವೆಬ್‌ಸೈಟಿನಲ್ಲಿ ಹೊರಡುವ ಮೊದಲೇ ನೋಡಿ, ಗೇಟಿನ ಹತ್ತಿರ ಚರ್ಚೆ ಬೇಡ. ವ್ಯಾಲಿ ಆಫ್ ಫೈರ್ ನೆವಾಡಾ ರಾಜ್ಯದ್ದು, ಆಂಟಲೋಪ್ ಮತ್ತು ಮಾನ್ಯುಮೆಂಟ್ ವ್ಯಾಲಿ ನವಾಹೋ ನೇಷನ್, ಅಂದರೆ ನವಾಹೋ ಜನರ ಸ್ವಂತ ಆಡಳಿತದ ಸೀಮೆಯದ್ದು. ಅಲ್ಲೆಲ್ಲ ಈ ಪಾಸು ನಡೆಯುವುದಿಲ್ಲ, ಟಿಕೆಟ್ ಬೇರೆ.

ಕಾರು

ಆರು ಜನ ಇದ್ದರೆ ಮಿನಿವ್ಯಾನ್. ದೊಡ್ಡವರು ಹತ್ತಿ ಇಳಿಯುವುದಕ್ಕೆ ಎತ್ತರದ ಎಸ್‌ಯುವಿಗಿಂತ ಅದೇ ಸಲೀಸು, ಮತ್ತು ಈ ದಾರಿಯೆಲ್ಲ ಒಳ್ಳೆಯ ಡಾಂಬರು ರಸ್ತೆ. ಕಾರು ಕೈಗೆ ಬಂದ ತಕ್ಷಣ ಸ್ಟೆಪ್ನಿ ಇದೆಯಾ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಗಾಳಿ ಹೊಡೆಯುವ ಕಿಟ್ ಮಾತ್ರ ಇರುತ್ತದೆ. ಟ್ಯಾಂಕು ಅರ್ಧಕ್ಕೆ ಬಂದರೆ ಮುಂದೆ ಸಿಗುವ ಬಂಕಿನಲ್ಲೇ ತುಂಬಿಸಿ. ಇಡೀ ದಾರಿಯ ಮ್ಯಾಪನ್ನು ಮೊಬೈಲಿಗೆ ಇಳಿಸಿಕೊಳ್ಳಿ, ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ. ಬ್ರೈಸ್ ಕಡೆ ಜಿಂಕೆ ಅಡ್ಡ ಬರುತ್ತವೆ, ನವಾಹೋ ಸೀಮೆಯಲ್ಲಿ ಬೇಲಿ ಇಲ್ಲದ ಕಡೆ ದನ, ಕುದುರೆ ರಸ್ತೆ ಮೇಲೇ ನಿಂತಿರುತ್ತವೆ.

ನೀರು, ಊಟ, ಮಾತ್ರೆ

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಒಣ ಹವೆಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಚರ್ಮದ ಮೇಲೇ ಆರಿಹೋಗುತ್ತದೆ. ಮಂಗಳೂರಿನ ಸೆಕೆಗೆ ಒಗ್ಗಿದವರು 'ನನಗೆ ಬೆವರೇ ಇಲ್ಲ, ನೀರು ಬೇಡ' ಅಂತಾರೆ. ಅವರಿಗೇ ಮೊದಲು ತಲೆನೋವು ಬರೋದು. ಇನ್ನೊಂದು, ನಮ್ಮ ಹಿರಿಯರು ದಾರಿಯಲ್ಲಿ ಟಾಯ್ಲೆಟ್ ಸಿಗುತ್ತೋ ಇಲ್ಲವೋ ಅನ್ನೋ ಹೆದರಿಕೆಗೆ ನೀರೇ ಕುಡಿಯುವುದಿಲ್ಲ. ಕೇಳಿದರೆ ಹೇಳುವುದೂ ಇಲ್ಲ. ಹೊರಡುವಾಗಲೇ 'ಗಂಟೆಗೊಂದು ಕಡೆ ನಿಲ್ಲಿಸುತ್ತೀನಮ್ಮ' ಅಂತ ಮಾತು ಕೊಟ್ಟು, ಹಾಗೇ ನಿಲ್ಲಿಸಿ. ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಪುಡಿ, ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು ಯಾವುದಾದರೂ ಸರಿ. ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ಊರಲ್ಲೇ ಡಾಕ್ಟರನ್ನು ಕೇಳಿ ಬರಲಿ. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಹೊರಡಲೇಬೇಡಿ.

ಊಟಕ್ಕೆ ವೇಗಸ್‌ನಲ್ಲೇ ತಯಾರಿ. ಇಂಡಿಯನ್ ಅಂಗಡಿಗಳು ಅಲ್ಲಿವೆ, ಮುಂದೆ ಸಿಗುವುದು ಕಷ್ಟ. ಒಂದು ಐಸ್ ಡಬ್ಬ, ಅದರಲ್ಲಿ ಮೊಸರು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಉಪ್ಪಿನಕಾಯಿ. ರೂಮಿಗೆ ಒಂದು ಸಣ್ಣ ರೈಸ್ ಕುಕ್ಕರ್ ಇದ್ದರೆ ಸಂಜೆ ಬಿಸಿ ಅನ್ನಕ್ಕೆ ಗೊಜ್ಜು ಕಲಸಿದರೆ ಮುಗೀತು. ರೂಮಿನಲ್ಲಿ ಒಗ್ಗರಣೆ ಮಾತ್ರ ಹಾಕಬೇಡಿ, ಸ್ಮೋಕ್ ಅಲಾರಂ ಕೂಗಿ ಇಡೀ ಹೋಟೆಲ್ ಹೊರಗೆ ಬರುತ್ತದೆ.

ಒಂದು, ಎರಡನೇ ದಿನ: ವೇಗಸ್‌ನಿಂದ ವ್ಯಾಲಿ ಆಫ್ ಫೈರ್

ಮೊದಲ ದಿನ ಬರೀ ಸಾಮಾನು ಖರೀದಿ ಮತ್ತು ನಿದ್ದೆ. ಎರಡನೇ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ. 50 ಮೈಲಿ, ಒಂದು ಗಂಟೆ.

ಇಲ್ಲಿ ಮೌಸಸ್ ಟ್ಯಾಂಕ್ ಅನ್ನುವ ಚಿಕ್ಕ ಕಾಲುದಾರಿ ಇದೆ. ಮುಕ್ಕಾಲು ಮೈಲಿ ಅಷ್ಟೇ, ಮೆತ್ತನೆ ಮರಳು. ಎರಡೂ ಬದಿಯ ಗೋಡೆಯ ಮೇಲೆ ಕಪ್ಪು ಮೆರುಗು ಕಾಣುತ್ತದೆ. ಧೂಳಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ಸಾವಿರಾರು ವರ್ಷ ಕಲ್ಲಿನ ಮೇಲೆ ಕೂತು ಆದ ತೆಳು ಪದರ ಅದು. ಹಿಂದಿನವರು ಆ ಕಪ್ಪನ್ನು ಕುಟ್ಟಿ ಕೆಳಗಿನ ತಿಳಿ ಬಣ್ಣ ಕಾಣುವ ಹಾಗೆ ಮಾಡಿ ಚಿತ್ರ ಬಿಡಿಸಿದ್ದಾರೆ. ಕೊಂಬಿನ ಕುರಿ, ಸುರುಳಿ, ಕೈಕೈ ಹಿಡಿದ ಮನುಷ್ಯರು. ಹತ್ತಿರ ಹೋಗಿ ನೋಡಿದರೆ ಒಂದೊಂದು ಪೆಟ್ಟಿನ ಗುರುತೂ ಬೇರೆಬೇರೆ ಕಾಣುತ್ತದೆ. ಮಕ್ಕಳು ಕೈಯಿಟ್ಟು ಸವರದಂತೆ ನೋಡಿಕೊಳ್ಳಿ, ಕೈಯ ಜಿಡ್ಡಿಗೆ ಚಿತ್ರ ಹಾಳಾಗುತ್ತದೆ. ಪೂರ್ವದ ಗೇಟಿನ ಹತ್ತಿರ ಸೊಂಡಿಲು ಇಳಿಬಿಟ್ಟ ಆನೆ ಬಂಡೆಯೂ ಇದೆ, ಚಿಕ್ಕ ಮಕ್ಕಳಿಗೆ ಅದೇ ಇಷ್ಟವಾಗುತ್ತದೆ. ಫೈರ್ ವೇವ್‌ನಂಥ ಕೆಲವು ದಾರಿಗಳನ್ನು ಬೇಸಿಗೆಯಲ್ಲಿ ಸೆಕೆಯ ಕಾರಣಕ್ಕೆ ಮುಚ್ಚಿರುತ್ತಾರೆ.

'ಇಂಥ ಬಂಡೆ ನಮ್ಮ ಹಂಪೇಲಿ ಇಲ್ವೇನೋ?' ಅನ್ನುವ ಪ್ರಶ್ನೆ ಇಲ್ಲೇ ಬರುತ್ತದೆ. ಬರಲಿ, ಒಳ್ಳೆಯ ಪ್ರಶ್ನೆ. ಹಂಪೆಯದು ಗ್ರಾನೈಟ್. ಭೂಮಿಯ ಒಳಗೆ ಕರಗಿದ್ದ ಕಲ್ಲು ತಣ್ಣಗಾಗಿ ಆದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ಇಲ್ಲಿಯದು ಮರಳುಗಲ್ಲು. ಡೈನೋಸಾರ್‌ಗಳ ಕಾಲದ ಮರಳು ದಿಬ್ಬಗಳೇ ಗಟ್ಟಿಯಾಗಿ ಆದದ್ದು, 15 ಕೋಟಿ ವರ್ಷಕ್ಕೂ ಹಳೆಯದು. ಒಳಗಿರುವ ಕಬ್ಬಿಣಕ್ಕೆ ತುಕ್ಕು ಹಿಡಿದು ಕೆಂಪು ಬಂದಿದೆ. ಅಜ್ಜ-ಅಜ್ಜಿಗೆ ಇಷ್ಟು ಹೇಳಿದರೆ ಸಾಕು, ಮುಂದೆ ಪ್ರತಿ ಬಂಡೆಯನ್ನೂ ಅವರೇ ಮುಟ್ಟಿ ನೋಡುತ್ತಾರೆ. ಉಗುರಿನಿಂದ ಕೆರೆದರೆ ಮರಳು ಉದುರುವುದುಂಟು.

ಹತ್ತೂವರೆಗೆ ಹೊರಟು ಝಾಯನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ ಊರು ಸೇರಿ. ಯೂಟಾಗೆ ಕಾಲಿಟ್ಟಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ.

ಮೂರನೇ ದಿನ: ಝಾಯನ್

ವರ್ಷದ ಹೆಚ್ಚು ತಿಂಗಳು ಕಣಿವೆಯೊಳಗೆ ನಮ್ಮ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲೇ ಹೋಗಬೇಕು. ಬೆಳಿಗ್ಗೆ ಏಳರ ಹೊತ್ತಿಗೆ ಹತ್ತಿ. ಕೊನೇ ಸ್ಟಾಪಿನಲ್ಲಿ ಇಳಿದರೆ ನದಿ ಪಕ್ಕದ ರಿವರ್‌ಸೈಡ್ ವಾಕ್ ಇದೆ. ಹೋಗಿ ಬರಲು ಎರಡು ಮೈಲಿ ಚಿಲ್ಲರೆ, ಸಿಮೆಂಟಿನ ಹಾದಿ, ನೆರಳಿದೆ. ವಯಸ್ಸಾದವರು ಅರ್ಧಕ್ಕೇ ಕೂತರೂ ನಷ್ಟವಿಲ್ಲ, ಎರಡೂ ಕಡೆ ಎರಡು ಸಾವಿರ ಅಡಿಯ ಗೋಡೆ ಎಲ್ಲಿಂದಲೂ ಕಾಣುತ್ತದೆ. ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಚಾರಣದ ಫೋಟೋ ನೋಡಿ ಆಸೆ ಪಡಬೇಡಿ. ಸರಪಳಿ ಹಿಡಿದು ಹತ್ತುವ ಜಾಗ ಅದು, ಕುಟುಂಬದ ಜೊತೆ ಬೇಡ.

ವಿಸಿಟರ್ ಸೆಂಟರಿನಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ. ಪುಕ್ಕಟೆ. ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದು ತಂದರೆ ರೇಂಜರ್ ಕೈ ಎತ್ತಿಸಿ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಬಂದ ಕೂಡಲೇ ತೆಗೆದುಕೊಳ್ಳಿ, ಹೊರಡುವಾಗ ಕೇಳಿದರೆ ತುಂಬಲು ಹೊತ್ತಿರುವುದಿಲ್ಲ.

ನಾಲ್ಕನೇ ದಿನ: ಬ್ರೈಸ್, ಈ ಪ್ರವಾಸದ ಜೀವ

ಝಾಯನ್‌ನ ಪೂರ್ವದ ದಾರಿಯಲ್ಲಿ, 1930ರಲ್ಲಿ ಮುಗಿದ ಒಂದು ಮೈಲಿಗೂ ಉದ್ದದ ಸುರಂಗ ದಾಟಿ ಹೋಗಬೇಕು. ದಾಟಿದ ಮೇಲೆ ಚೆಕರ್‌ಬೋರ್ಡ್ ಮೇಸಾ ಅನ್ನುವ ಗುಡ್ಡ. ಅದರ ಮೇಲಿನ ಅಡ್ಡ ಗೆರೆಗಳು ಹಳೆಯ ಮರಳು ದಿಬ್ಬಗಳ ಪದರಗಳು. ಬ್ರೈಸ್‌ಗೆ ಎರಡು ಗಂಟೆ.

ಒಂದೇ ಜಾಗ ನೋಡಲು ಸಾಧ್ಯ ಅಂದರೆ ನಾನು ಬ್ರೈಸ್ ಅನ್ನುತ್ತೇನೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಸಾವಿರಾರು ಕಿತ್ತಳೆ, ಗುಲಾಬಿ ಬಣ್ಣದ ಕಲ್ಲಿನ ಕಂಬಗಳು. ಹೂಡೂ ಅಂತ ಅವಕ್ಕೆ ಹೆಸರು. ನಮ್ಮವರ ಕಣ್ಣಿಗೆ ಅವು ಹುತ್ತದ ಹಾಗೇ ಕಾಣುವುದು. ವರ್ಷಕ್ಕೆ 170ಕ್ಕೂ ಹೆಚ್ಚು ರಾತ್ರಿ ಇಲ್ಲಿ ನೀರು ಹೆಪ್ಪುಗಟ್ಟಿ ಬೆಳಿಗ್ಗೆ ಕರಗುತ್ತದೆ. ಬಿರುಕಿಗಿಳಿದ ನೀರು ಮಂಜಾದಾಗ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಮಳೆನೀರು ಸುಣ್ಣದ ಅಂಶವನ್ನು ಕರಗಿಸಿ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಗೋಡೆಯಲ್ಲಿ ಕಿಟಕಿ ಬೀಳುತ್ತದೆ, ಕಿಟಕಿಯ ಮೇಲ್ಭಾಗ ಕುಸಿದರೆ ಕಂಬ ಉಳಿಯುತ್ತದೆ. ಒಂದೇ ಜಾಗದಲ್ಲಿ ನಿಂತು ಗೋಡೆ, ಕಿಟಕಿ, ಕಂಬ, ಕೆಳಗೆ ಬಿದ್ದ ಮಣ್ಣಿನ ಗುಡ್ಡೆ ನಾಲ್ಕನ್ನೂ ಮಕ್ಕಳಿಗೆ ತೋರಿಸಬಹುದು. ಈ ಸೀಮೆಯ ಮೂಲನಿವಾಸಿಗಳಾದ ಪೈಯೂಟ್ ಜನರ ಕಥೆ ಬೇರೆ. ಕೆಟ್ಟದಾಗಿ ನಡೆದುಕೊಂಡ ಹಿಂದಿನ ಜನರನ್ನು ಕಯೋಟಿ, ಅಂದರೆ ಅವರ ಕಥೆಗಳ ನರಿಯಂಥ ಮಾಯಾವಿ, ಕಲ್ಲು ಮಾಡಿಬಿಟ್ಟನಂತೆ. ಅಹಲ್ಯೆಯ ಕಥೆ ಗೊತ್ತಿರುವ ಅಜ್ಜಿಗೆ ಇದನ್ನು ಮೊದಲು ಹೇಳಿ, ಮಂಜಿನ ಲೆಕ್ಕ ಆಮೇಲೆ.

ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗೆ ಅರ್ಧ ಮೈಲಿ ಸಮತಟ್ಟಾದ ಡಾಂಬರು ಹಾದಿ ಇದೆ, ಉದ್ದಕ್ಕೂ ಬೆಂಚುಗಳು. ಗಾಲಿಕುರ್ಚಿಯೂ ಹೋಗುತ್ತದೆ. ನಡೆಯಬಲ್ಲವರು ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಕಂಬಗಳ ನಡುವೆ ಇಳಿಯಿರಿ. ಇಳಿಯುವುದು ಸುಲಭ, ಹತ್ತುವಾಗ ಎತ್ತರದ ಗಾಳಿಗೆ ಉಸಿರು ಕಟ್ಟುತ್ತದೆ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ವಾಪಸ್ ಬರಲು ಇಟ್ಟುಕೊಳ್ಳಿ. ಅಸ್ತಮಾ ಇರುವವರು ಮೇಲೇ ಇರಲಿ.

ಮೇ ತಿಂಗಳಲ್ಲೂ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಹೋಗುತ್ತದೆ. ಸ್ವೆಟರ್, ಶಾಲು, ಮಂಕಿ ಕ್ಯಾಪ್ ಎಲ್ಲ ಇಲ್ಲಿಗೆ. ಊಟ ಆದ ಮೇಲೆ ಐದು ನಿಮಿಷ ಹೊರಗೆ ಬಂದು ಆಕಾಶ ನೋಡಿ, ಬೆಂಗಳೂರಿನ ಮಕ್ಕಳು ಕಾಣದಷ್ಟು ನಕ್ಷತ್ರ.

ಐದನೇ ದಿನ: ಪೇಜ್

ಬ್ರೈಸ್‌ನಲ್ಲಿ ಸೂರ್ಯೋದಯ ನೋಡಿ ಹೊರಡಿ. ಕನಾಬ್‌ನಲ್ಲಿ ಊಟ, ಪೆಟ್ರೋಲು. ಸಂಜೆ ಹಾರ್ಸ್‌ಶೂ ಬೆಂಡ್. ಕೊಲೊರಾಡೊ ನದಿ ಲಾಳದ ಆಕಾರದಲ್ಲಿ ಸಾವಿರ ಅಡಿ ಕೆಳಗೆ ತಿರುಗುತ್ತದೆ. ಹೋಗಿಬರಲು ಒಂದೂವರೆ ಮೈಲಿ. ಕಟಕಟೆ ಸ್ವಲ್ಪ ಉದ್ದಕ್ಕೆ ಮಾತ್ರ ಇದೆ, ಉಳಿದಂತೆ ನೇರ ಪ್ರಪಾತ. ಮಕ್ಕಳ ಕೈ ಬಿಡಬೇಡಿ, ಕಟಕಟೆಯ ಆಚೆ ಹೋಗಿ ಸೆಲ್ಫಿ ಬೇಡ. ಈ ವಿಷಯದಲ್ಲಿ ಮುಲಾಜು ನೋಡಬೇಡಿ, ದೊಡ್ಡವರಿಗೂ ಗದರಿಸಿ.

ಗಡಿಯಾರದ ಗೋಜಲು ಇಲ್ಲಿ. ಅರಿಝೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಹಾಕುವುದಿಲ್ಲ. ಯೂಟಾದಲ್ಲಿ ಹಾಕುತ್ತಾರೆ. ಅರಿಝೋನಾದೊಳಗೇ ಇರುವ ನವಾಹೋ ನೇಷನ್‌ನಲ್ಲೂ ಹಾಕುತ್ತಾರೆ. ಪೇಜ್ ಇವೆಲ್ಲದರ ಅಂಚಿನಲ್ಲಿದೆ, ಮೊಬೈಲು ಯಾವ ಟವರ್ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಟೂರ್‌ನವರು ಪೇಜ್ ಸಮಯವನ್ನೇ ಹಿಡಿಯುತ್ತಾರೆ. ಫೋನಿನ ಸೆಟಿಂಗ್‌ನಲ್ಲಿ ಫೀನಿಕ್ಸ್ ಸಮಯ ಕೈಯಾರೆ ಹಾಕಿ ಮಲಗಿ, ಪೇಜ್‌ನದೂ ಅದೇ ಸಮಯ.

ಆರನೇ ದಿನ: ಆಂಟಲೋಪ್, ಆಮೇಲೆ ಮಾನ್ಯುಮೆಂಟ್ ವ್ಯಾಲಿ

ಆಂಟಲೋಪ್ ಅಂದರೆ ನೀರು ಕೊರೆದ ಕಿರಿದಾದ ಸಂದು. ಮೇಲಿಂದ ಬಿದ್ದ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಕೆಳಗೆ ಬರುವಷ್ಟರಲ್ಲಿ ಕಿತ್ತಳೆಯಿಂದ ನೇರಳೆಯಾಗಿರುತ್ತದೆ. ಚೀಲ ಒಳಗೆ ಬಿಡುವುದಿಲ್ಲ, ಫೋನು ಮತ್ತು ನೀರಿನ ಬಾಟಲಿ ಸಾಕು.

ಈ ಚೆಲುವನ್ನು ಮಾಡಿದ್ದೇ ಪ್ರವಾಹ ಅನ್ನುವುದನ್ನು ಮರೆಯಬೇಡಿ. 1997ರ ಆಗಸ್ಟ್ 12ರಂದು ಎಲ್ಲೋ ಮೈಲಿಗಟ್ಟಲೆ ದೂರ ಮಳೆಯಾಗಿ, ಆ ನೀರು ಲೋವರ್ ಆಂಟಲೋಪ್‌ಗೆ ನುಗ್ಗಿ 11 ಪ್ರವಾಸಿಗರು ಸತ್ತರು. ತಲೆ ಮೇಲೆ ಆಕಾಶ ನೀಲಿಯಾಗಿದ್ದರೂ ಗೈಡ್ 'ಇವತ್ತು ಇಲ್ಲ' ಅಂದರೆ ದುಡ್ಡು ವಾಪಸ್ ತಗೊಂಡು ಥ್ಯಾಂಕ್ಸ್ ಹೇಳಿ ಹೊರಡಿ.

ಮಧ್ಯಾಹ್ನ ಮಾನ್ಯುಮೆಂಟ್ ವ್ಯಾಲಿಗೆ ಹೊರಡಿ, ಎರಡು ತಾಸಿನ ದಾರಿ. ನವಾಹೋ ನೇಷನ್ ಸುಮಾರು 71,000 ಚದರ ಕಿಲೋಮೀಟರ್, ಕರ್ನಾಟಕದ ಮೂರರಲ್ಲೊಂದು ಭಾಗಕ್ಕಿಂತ ದೊಡ್ಡದು. ಅವರದೇ ಸರ್ಕಾರ, ಅವರದೇ ಪೊಲೀಸು. ಅಲ್ಲಿ ನಾವು ನೆಂಟರು. ಮದ್ಯ ನಿಷೇಧ, ಕಾರಿನಲ್ಲಿಟ್ಟುಕೊಳ್ಳುವುದೂ ತಪ್ಪು. ಡ್ರೋನ್ ಹಾರಿಸಬಾರದು. ಕಣಿವೆಯಲ್ಲಿ ಇವತ್ತೂ ಸಂಸಾರಗಳು ವಾಸ ಮಾಡುತ್ತವೆ, ಕೇಳದೆ ಜನರ, ಮನೆಗಳ ಫೋಟೋ ತೆಗೆಯಬೇಡಿ. ರಸ್ತೆ ಬದಿಯಲ್ಲಿ ಮಣಿಸರ, ಬೆಳ್ಳಿ ಒಡವೆ ಮಾರುವವರ ಹತ್ತಿರ ಏನಾದರೂ ಕೊಳ್ಳಿ. ಮಾಡಿದವರ ಕೈಗೇ ದುಡ್ಡು ಹೋಗುತ್ತದೆ.

ಮಾನ್ಯುಮೆಂಟ್ ವ್ಯಾಲಿ ತಲುಪುವುದು ಸಂಜೆಯೇ ಆಗಬೇಕು. ವಿಸಿಟರ್ ಸೆಂಟರಿನ ಜಗುಲಿ ಪೂರ್ವಕ್ಕೆ ಮುಖ ಮಾಡಿದೆ, ಇಳಿಬಿಸಿಲು ಎದುರಿನ ಮೂರು ದೊಡ್ಡ ಗುಡ್ಡಗಳ ಮೇಲೆ ನೇರ ಬೀಳುತ್ತದೆ. ಒಂದು ಹೆಜ್ಜೆ ನಡೆಯಲಾಗದವರೂ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡಬಹುದು. ಮೇಲಿನ ಪದರ ಗಟ್ಟಿ, ಬುಡದ ಪದರ ಮೆದು. ಬುಡ ಸವೆದಂತೆ ಮೇಲಿನ ಬಂಡೆ ನೇರವಾಗಿ ಸೀಳಿ ಬೀಳುತ್ತದೆ, ಅದಕ್ಕೇ ಗೋಡೆಗಳು ಅಷ್ಟು ಕಡಿದು.

ಏಳನೇ ದಿನ

ಮಾನ್ಯುಮೆಂಟ್ ವ್ಯಾಲಿಯ ಒಳಗಿನ 17 ಮೈಲಿ ಮಣ್ಣಿನ ರಸ್ತೆಗೆ ಬಾಡಿಗೆ ಕಾರು ಇಳಿಸಬೇಡಿ. ಮಣ್ಣಿನ ರಸ್ತೆಯಲ್ಲಿ ಏನಾದರೂ ಆದರೆ ಹೆಚ್ಚಿನ ಕರಾರುಗಳಲ್ಲಿ ಪರಿಹಾರ ಇಲ್ಲ. ನವಾಹೋ ಗೈಡ್‌ಗಳ ಜೀಪ್ ಬೆಳಗಿನ ಮೊದಲ ಟೂರ್‌ಗೆ ಹಿಡಿಯಿರಿ. ತೆರೆದ ಗಾಡಿ, ಧೂಳು ಜಾಸ್ತಿ, ಮೂಗಿಗೆ ದುಪ್ಪಟ್ಟಾ ಕಟ್ಟಿಕೊಳ್ಳಿ. ಬೆನ್ನು ನೋವಿನವರು ಜಗುಲಿಯಲ್ಲೇ ಕಾಫಿ ಕುಡಿಯುತ್ತಾ ಕೂರಲಿ. ಗೈಡ್ ಹತ್ತಿರ ಅವರ ಅಜ್ಜಿಯ ಮನೆ, ಕುರಿಗಳ ಬಗ್ಗೆ ಕೇಳಿ, ಬಂಡೆಗಳ ಹೆಸರಿಗಿಂತ ಅದು ಚೆನ್ನಾಗಿರುತ್ತದೆ.

ಆಮೇಲೆ ಕಯೆಂಟಾದಲ್ಲಿ ಟ್ಯಾಂಕ್ ತುಂಬಿಸಿ, ಫ್ಲಾಗ್‌ಸ್ಟಾಫ್ ಮೂಲಕ ಫೀನಿಕ್ಸ್‌ಗೆ ಐದು ಗಂಟೆ. ದಾರಿಯಲ್ಲಿ ಫ್ರೈಬ್ರೆಡ್ ಸಿಗುತ್ತದೆ, ಎಣ್ಣೆಯಲ್ಲಿ ಕರಿದ ದಪ್ಪ ರೊಟ್ಟಿ. ಮಾಂಸ ಬೇಡ, ಬರೀ ಬೀನ್ಸ್ ಹಾಕಿ ಅಂತ ಕೇಳಿ.

ಇನ್ನೂ ಎರಡು ದಿನ ಇದ್ದರೆ ದಕ್ಷಿಣದ ಬದಲು ಉತ್ತರಕ್ಕೆ, ಮೋಯಾಬ್ ಊರಿನ ಆರ್ಚಸ್ ಉದ್ಯಾನಕ್ಕೆ ಹೋಗಿ. ಸುಮಾರು ಮೂರು ಗಂಟೆ. ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ವಿಂಡೋಸ್ ಭಾಗ ಕಾರು ನಿಲ್ಲಿಸಿದ ಕೂಡಲೇ ಸಿಗುತ್ತದೆ, ಹಿರಿಯರಿಗೆ ಅದು. ಹೆಸರಾಂತ ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು ಮೂರು ಮೈಲಿ, ನೆರಳಿಲ್ಲದ ಬಂಡೆ ಮೇಲಿನ ಏರು. ಗಟ್ಟಿಮುಟ್ಟಾದವರು ಬೆಳಿಗ್ಗೆಯೇ ಹೋಗಿ ಬನ್ನಿ, ಉಳಿದವರಿಗೆ ದೂರದಿಂದ ನೋಡುವ ಕಟ್ಟೆ ಇದೆ. ಪಾರ್ಕಿನೊಳಗೆ ಊಟ ಸಿಗುವುದಿಲ್ಲ. ಕೆಲವು ವರ್ಷ ಪ್ರವೇಶಕ್ಕೂ ಮೊದಲೇ ಸಮಯ ಕಾದಿರಿಸಬೇಕಾಗಿತ್ತು, ಈ ಸಲ ಹೇಗೆ ಅಂತ ನೋಡಿಕೊಳ್ಳಿ. ಹಾದಿ ಬಿಟ್ಟು ಪಕ್ಕಕ್ಕೆ ಕಾಲಿಡಬೇಡಿ. ಅಲ್ಲಿ ಕಪ್ಪಗೆ ಗಂಟುಗಂಟಾಗಿ ಕಾಣುವ ಮಣ್ಣು ಸತ್ತ ಮಣ್ಣಲ್ಲ, ಸೂಕ್ಷ್ಮಜೀವಿ, ಪಾಚಿ ಸೇರಿ ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ಮೋಯಾಬ್‌ನಿಂದ ಸಾಲ್ಟ್ ಲೇಕ್ ಸಿಟಿ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ, ಕಾರನ್ನು ಅಲ್ಲೇ ಬಿಡುವ ಹಾಗೆ ಮೊದಲೇ ಬುಕ್ ಮಾಡಿ.